1997 ದೊಡ್ಡದಾ, 2025 ದೊಡ್ಡದಾ? ರೆಸ್ಲಿಂಗ್ ವರ್ಷಗಳನ್ನು ತೂಗಿ ನೋಡುವ ಬಗೆ

ಡಿಸೆಂಬರ್ ಬಂದರೆ ದಾವಣಗೆರೆಯ ರೆಸ್ಲಿಂಗ್ ಅಭಿಮಾನಿಗಳ ನಡುವೆ ಒಂದೇ ವಾದ. ಈ ವರ್ಷ ಹೇಗಿತ್ತು? ಹೋದ ವರ್ಷಕ್ಕಿಂತ ಮೇಲಾ? ಹಳೆಯ ಕಾಲಕ್ಕೆ ಸಮ ಬರುತ್ತಾ? 2025 ಮುಗಿದ ಮೇಲಂತೂ ಈ ವಾದ ಇನ್ನೂ ಜೋರಾಗಿದೆ. ಆ ವರ್ಷ ಜಾನ್ ಸೀನಾ ರಿಂಗ್ ಬಿಟ್ಟರು. ಗೋಲ್ಡ್‌ಬರ್ಗ್ ಕೊನೆಯ ಮ್ಯಾಚ್ ಆಡಿದರು. ಜುಲೈ 24ರಂದು ಹಲ್ಕ್ ಹೋಗನ್ ತೀರಿಕೊಂಡರು. ಏಪ್ರಿಲ್ 1ರಿಂದ ಭಾರತದಲ್ಲಿ ಡಬ್ಲ್ಯೂಡಬ್ಲ್ಯೂಇ (ಅಮೆರಿಕದ ದೊಡ್ಡ ರೆಸ್ಲಿಂಗ್ ಕಂಪನಿ) ಕಾರ್ಯಕ್ರಮ ಸೋನಿ ಚಾನೆಲ್‌ಗಳಿಂದ ನೆಟ್‌ಫ್ಲಿಕ್ಸ್‌ಗೆ ಹೋಯಿತು. ಕಾಲೇಜು ಹುಡುಗರು ಇದಕ್ಕಿಂತ ದೊಡ್ಡ ವರ್ಷ ಇಲ್ಲ ಅನ್ನುತ್ತಾರೆ. ನಲವತ್ತು ದಾಟಿದವರು 1998ರ ಮೇಲೆ ನೋಡುವಂಥದ್ದು ಏನೂ ಬಂದಿಲ್ಲ ಅನ್ನುತ್ತಾರೆ.

ಇಬ್ಬರ ಮಾತನ್ನೂ ಪಕ್ಕಕ್ಕಿಟ್ಟು ಸರಿಯಾಗಿ ತೂಗಿ ನೋಡೋಣ. ಹಳೆಯ ವರ್ಷಗಳಲ್ಲಿ ಯಾವುದನ್ನು ಕೂತು ನೋಡಬೇಕು, ಈಗಿನದನ್ನು ಯಾವುದರ ಪಕ್ಕ ಇಡಬೇಕು ಅನ್ನುವವರಿಗೆ ಇದು ಉಪಯೋಗಕ್ಕೆ ಬಂದೀತು.

ಅಳತೆ ನಮ್ಮೂರಿನದೇ

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ನಡೆಯುತ್ತದೆ. ಜಾತ್ರೆ ಅಂದರೆ ಬಯಲು ಜಂಗೀ ಕುಸ್ತಿ ಇರಲೇಬೇಕು. ಕುಸ್ತಿ ನೋಡಿ ಬಂದ ಗರಡಿಯ ಹಿರಿಯರನ್ನು ಈ ಸಲ ಹೇಗಿತ್ತು ಎಂದು ಕೇಳಿ. ದೊಡ್ಡ ಬಹುಮಾನ ಯಾರಿಗೆ ಹೋಯಿತು ಅನ್ನುವುದು ಆಮೇಲೆ ಬರುತ್ತದೆ. ಮೊದಲ ಮಾತು, "ಜೋಡಿ ಚಲೋ ಬಿದ್ದಿದ್ವು" ಅಥವಾ "ಜೋಡಿನೇ ಬೀಳ್ಲಿಲ್ಲಪ." ದೊಡ್ಡ ಹೆಸರಿನ ಪೈಲ್ವಾನನ ಎದುರು ಎಳೆಯ ಹುಡುಗ ನಿಂತರೆ ಅರ್ಧ ನಿಮಿಷಕ್ಕೆ ಚಿತ್. ಜನ ಎದ್ದು ಹೋಗುತ್ತಾರೆ. ಸಮಬಲದ ಇಬ್ಬರು ಸಿಕ್ಕರೆ ಯಾರು ಗೆದ್ದರು ಅನ್ನುವುದು ಮರೆತರೂ ಆ ಹಿಡಿತ, ಆ ಪಟ್ಟು ನೆನಪಿರುತ್ತದೆ.

ಟಿವಿಯ ರೆಸ್ಲಿಂಗ್‌ಗೂ ಇದೇ ಅಳತೆ ಸಾಕು. ಇನ್ನೂ ಹೇಳಬೇಕೆಂದರೆ ಅದಕ್ಕೆ ಇದೇ ಜಾಸ್ತಿ ಸಲ್ಲುತ್ತದೆ. "ಯಾರು ಗೆಲ್ತಾರಂತ ಮೊದ್ಲೇ ಗೊತ್ತಿರ್ತತಿ, ಅದನ್ನೇನು ನೋಡ್ತೀಯಪ್ಪ" ಎಂದು ಅದೇ ಹಿರಿಯರು ಕೇಳುತ್ತಾರೆ. ಅವರ ಮಾತು ನಿಜ. 1989ರಲ್ಲೇ ಡಬ್ಲ್ಯೂಡಬ್ಲ್ಯೂಇ (ಆಗಿನ ಹೆಸರು ಡಬ್ಲ್ಯೂಡಬ್ಲ್ಯೂಎಫ್) ಕಂಪನಿಯವರು ಅಮೆರಿಕದ ನ್ಯೂಜೆರ್ಸಿ ಸರ್ಕಾರದ ಮುಂದೆ ಇದು ಮನರಂಜನೆ ಎಂದು ಒಪ್ಪಿಕೊಂಡಿದ್ದಾರೆ. ಗೆಲುವು ಮೊದಲೇ ತೀರ್ಮಾನ ಆಗಿರುವಾಗ ನೋಡಲು ಉಳಿಯುವುದು ಇಬ್ಬರು ಹೇಗೆ ಸೇರಿ ಆಡುತ್ತಾರೆ ಅನ್ನುವುದೇ ಅಲ್ವಾ?

ಹಾಗಾಗಿ ಒಂದು ವರ್ಷವನ್ನು ಮೂರು ಪ್ರಶ್ನೆ ಕೇಳಿ ನೋಡಿ. ಆ ವರ್ಷ ಎಷ್ಟು ಒಳ್ಳೆಯ ಜೋಡಿ ಬಿದ್ದವು? ಶುರು ಮಾಡಿದ ಕತೆಯನ್ನು ಮುಗಿಸಿದರಾ? ಮುಂದಿನ ವರ್ಷಗಳಿಗೆ ಯಾರನ್ನು ಬೆಳೆಸಿ ಬಿಟ್ಟು ಹೋದರು? ಮೂರನೆಯ ಪ್ರಶ್ನೆಯನ್ನು ಜನ ಕೇಳುವುದೇ ಇಲ್ಲ. ನನ್ನ ಪ್ರಕಾರ ಅದಕ್ಕೇ ಬೆಲೆ ಜಾಸ್ತಿ.

ಸಂಖ್ಯೆ ನೋಡಿ ಮೋಸ ಹೋಗಬೇಡಿ

ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ಡಬ್ಲ್ಯೂಡಬ್ಲ್ಯೂಎಫ್ ಟ್ರಂಪ್ ಕಾರ್ಡ್ ನೆನಪಿರಬೇಕು. ಒಂದೊಂದು ಕಾರ್ಡ್‌ನಲ್ಲೂ ಒಬ್ಬ ರೆಸ್ಲರ್‌ನ ಫೋಟೋ. ಕೆಳಗೆ ರ‍್ಯಾಂಕ್, ಎತ್ತರ, ತೂಕ, ಎದೆಯ ಸುತ್ತಳತೆ, ಬೈಸೆಪ್ಸ್, ಆಡಿದ ಫೈಟ್, ಗೆದ್ದ ಫೈಟ್. ಯಾರ ಸಂಖ್ಯೆ ದೊಡ್ಡದೋ ಅವರಿಗೆ ಕಾರ್ಡ್. ಆಟ ಮಜವಾಗಿತ್ತು. ಆದರೆ ಅದೇ ಅಭ್ಯಾಸದಲ್ಲಿ ವರ್ಷಗಳನ್ನು ಅಳೆಯಲು ಹೋದರೆ ಲೆಕ್ಕ ತಪ್ಪುತ್ತದೆ.

1999 ತೆಗೆದುಕೊಳ್ಳಿ. ಆ ವರ್ಷದ ಮೇ 10ರ ರಾ (ಕಂಪನಿಯ ವಾರದ ಟಿವಿ ಕಾರ್ಯಕ್ರಮ) ಎಪಿಸೋಡ್‌ಗೆ ಅಮೆರಿಕದಲ್ಲಿ 8.1 ರೇಟಿಂಗ್ ಬಂತು. ರಾ ಇತಿಹಾಸದಲ್ಲೇ ಅದಕ್ಕಿಂತ ಹೆಚ್ಚು ಬಂದಿಲ್ಲ. ಸಂಖ್ಯೆಯನ್ನಷ್ಟೇ ನಂಬಿದರೆ ಅದೇ ಚಿನ್ನದ ವರ್ಷ. ಈಗ ಕೂತು ನೋಡಿ. ಟಿವಿಯಲ್ಲಿ ಬರುವ ಮ್ಯಾಚ್‌ಗಳು ಶುರುವಾಗುವುದರೊಳಗೆ ಮುಗಿಯುತ್ತವೆ. ದೊಡ್ಡ ಬೆಲ್ಟ್, ಅಂದರೆ ಮುಖ್ಯ ಚಾಂಪಿಯನ್ ಪಟ್ಟ, ಒಂದೇ ವರ್ಷದಲ್ಲಿ ಹತ್ತಕ್ಕೂ ಹೆಚ್ಚು ಸಲ ಕೈ ಬದಲಾಯಿತು. ಸೆಪ್ಟೆಂಬರ್‌ನಲ್ಲಿ ಕಂಪನಿಯ ಯಜಮಾನ ವಿನ್ಸ್ ಮೆಕ್‌ಮಹನ್ ಅವರೇ ಚಾಂಪಿಯನ್ ಆಗಿಬಿಟ್ಟರು. ಒಂದು ವಾರದ ಕತೆ ಮುಂದಿನ ವಾರ ಇರುತ್ತಿರಲಿಲ್ಲ. ಮೇ 23ರಂದು ಕಾನ್ಸಾಸ್ ಸಿಟಿಯಲ್ಲಿ ಛಾವಣಿಯಿಂದ ಇಳಿಯುವ ಎಂಟ್ರಿಯಲ್ಲಿ ಬಿದ್ದು ಓವೆನ್ ಹಾರ್ಟ್ ತೀರಿಕೊಂಡರು. ಅಷ್ಟಾದ ಮೇಲೂ ಆ ರಾತ್ರಿಯ ಕಾರ್ಯಕ್ರಮ ನಿಲ್ಲಿಸಲಿಲ್ಲ. ಆ ವರ್ಷವನ್ನು ಯಾರಾದರೂ ಅತ್ಯುತ್ತಮ ಅಂದರೆ ನನಗೆ ಒಪ್ಪಲು ಆಗುವುದೇ ಇಲ್ಲ.

ಸೇರಿದ ಜನರ ಲೆಕ್ಕವೂ ಹಾಗೇ. ಕಂಪನಿಯ ವರ್ಷದ ಅತಿ ದೊಡ್ಡ ಶೋ, 1987ರ ರೆಸಲ್‌ಮೇನಿಯಾ 3ಕ್ಕೆ 93,173 ಜನ ಬಂದಿದ್ದರು ಎಂದು ಕಂಪನಿ ಹೇಳಿತು. ಆ ಸಂಖ್ಯೆ ನಿಜವೋ ಅಲ್ಲವೋ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. 2016ರಲ್ಲಿ ಟೆಕ್ಸಸ್‌ನಲ್ಲಿ 1,01,763 ಎಂದು ಘೋಷಿಸಿದರು. ಆದರೆ ಆ ರಾತ್ರಿಯ ಕೊನೆಯ ಮ್ಯಾಚ್‌ನಲ್ಲಿ, ರೋಮನ್ ರೇನ್ಸ್ ಟ್ರಿಪಲ್ ಎಚ್ ಅವರನ್ನು ಸೋಲಿಸಿದಾಗ, ಅದೇ ಜನ ಕೂಗಿ ಬೈದರು. ಕ್ರೀಡಾಂಗಣ ತುಂಬಿತ್ತು, ಜೋಡಿ ಬಿದ್ದಿರಲಿಲ್ಲ.

ಇನ್ನು ನಕ್ಷತ್ರಗಳು. ಅಮೆರಿಕದ ಪತ್ರಕರ್ತ ಡೇವ್ ಮೆಲ್ಟ್ಜರ್ ಮ್ಯಾಚ್‌ಗಳಿಗೆ ಐದು ನಕ್ಷತ್ರದ ಲೆಕ್ಕದಲ್ಲಿ ಅಂಕ ಕೊಡುತ್ತಾರೆ. ಜಗತ್ತಿನ ಅಭಿಮಾನಿಗಳು ಅದನ್ನೇ ಎತ್ತಿ ವಾದಿಸುತ್ತಾರೆ. 2017ರ ಜನವರಿ 4ರಂದು ಟೋಕಿಯೋದಲ್ಲಿ ಒಕಾಡ ಮತ್ತು ಕೆನ್ನಿ ಒಮೆಗಾ ಆಡಿದ ಮ್ಯಾಚ್‌ಗೆ ಅವರು ಆರು ಕೊಟ್ಟರು. 2018ರ ಜೂನ್‌ನಲ್ಲಿ ಅದೇ ಜೋಡಿಗೆ ಏಳು. ಐದರ ಅಳತೆಯೇ ಮುರಿದುಹೋಯಿತು. ಹಿಂದಕ್ಕೆ ಹೋದರೆ ಬೇರೆ ತೊಡಕು. 2000ನೇ ಇಸವಿಯಲ್ಲಿ ಡಬ್ಲ್ಯೂಡಬ್ಲ್ಯೂಎಫ್‌ನ ಒಂದು ಮ್ಯಾಚ್‌ಗೂ ಅವರು ಐದು ನಕ್ಷತ್ರ ಕೊಟ್ಟಿಲ್ಲ. ಆದರೂ ಆ ವರ್ಷ ರಿಂಗ್ ಒಳಗಿನ ಆಟದಲ್ಲಿ ಆ ಕಂಪನಿಯ ತುಂಬ ಒಳ್ಳೆಯ ವರ್ಷಗಳಲ್ಲಿ ಒಂದು. ನಕ್ಷತ್ರದಿಂದ ಒಂದು ಮ್ಯಾಚ್ ಎಷ್ಟು ದೊಡ್ಡದು ಎಂದು ಗೊತ್ತಾಗಬಹುದು. ಉಳಿದ ಐವತ್ತೊಂದು ವಾರ ಹೇಗಿದ್ದವು ಎಂದು ಗೊತ್ತಾಗುವುದಿಲ್ಲ.

ಇನ್ನೊಂದು ಲೆಕ್ಕವನ್ನೂ ಬಿಡಬೇಕು. ಅದು ನಮ್ಮವರ ಗೆಲುವು. 2007ರ ಜುಲೈನಲ್ಲಿ ಗ್ರೇಟ್ ಖಲಿ ವರ್ಲ್ಡ್ ಹೆವಿವೇಟ್ ಚಾಂಪಿಯನ್ ಆದಾಗ ಇಲ್ಲೆಲ್ಲ ಸಂಭ್ರಮವೋ ಸಂಭ್ರಮ. ಆ ಖುಷಿ ಸುಳ್ಳಲ್ಲ. 2017ರಲ್ಲಿ ಪಂಜಾಬಿ ಮೂಲದ ಕೆನಡಾದವರು ಜಿಂದರ್ ಮಹಲ್ ಡಬ್ಲ್ಯೂಡಬ್ಲ್ಯೂಇ ಚಾಂಪಿಯನ್ ಆಗಿ ಸುಮಾರು ಆರು ತಿಂಗಳು ಬೆಲ್ಟ್ ಇಟ್ಟುಕೊಂಡರು. ಆದರೆ ಖಲಿ ಗೆದ್ದ ಮ್ಯಾಚ್‌ಗಳನ್ನು ಈಗ ಪೂರ್ತಿ ನೋಡಲು ತಾಳ್ಮೆ ಬೇಕು. ಜಿಂದರ್ ಹೆಚ್ಚಿನ ಸಲ ಅವರ ಜೊತೆಗಾರರಾದ ಸಿಂಗ್ ಸೋದರರು ಅಡ್ಡ ಬಂದಿದ್ದರಿಂದಲೇ ಗೆಲ್ಲುತ್ತಿದ್ದರು. ನಮ್ಮವರು ಗೆದ್ದರು ಎಂದು ಆ ವರ್ಷಕ್ಕೆ ಹೆಚ್ಚು ಅಂಕ ಹಾಕುವುದು ಬೇಡ.

ನಿಮ್ಮ ವಯಸ್ಸನ್ನು ಕಳೆದು ನೋಡಿ

ಹತ್ತರಿಂದ ಹದಿನಾಲ್ಕು ವಯಸ್ಸಿನಲ್ಲಿ ನೋಡಿದ್ದು ಎಲ್ಲರಿಗೂ ಶ್ರೇಷ್ಠ. ಅಂಡರ್‌ಟೇಕರ್‌ಗೆ ಏಳು ಜೀವ ಎಂದು ನಂಬಿದ್ದ ಕಾಲ ಅದು. ಆಗ ನೋಡಿದ್ದನ್ನು ಈಗಿನ ಕಣ್ಣಿನಿಂದ ತೂಗುವುದು ಕಷ್ಟ. ಇದಕ್ಕೆ ಒಂದು ಸುಲಭ ದಾರಿ ಇದೆ. ನೀವು ಮೆಚ್ಚುವ ವರ್ಷದ ದೊಡ್ಡ ಶೋ ಮುಟ್ಟಬೇಡಿ. ಏಪ್ರಿಲ್ ಕೊನೆಯಲ್ಲೋ ಸೆಪ್ಟೆಂಬರ್‌ನಲ್ಲೋ ಬಂದ, ಏನೂ ವಿಶೇಷ ಇಲ್ಲದ ಒಂದು ವಾರದ ರಾ ಹಾಕಿ, ಪೂರ್ತಿ ನೋಡಿ. ಮುಂದಿನ ವಾರ ಏನಾಗುತ್ತೆ ಎಂದು ಮನಸ್ಸು ಕೇಳಿದರೆ ಅದು ನಿಜಕ್ಕೂ ಒಳ್ಳೆಯ ವರ್ಷ. ಮಧ್ಯೆ ಮೊಬೈಲ್ ಕೈಗೆ ಬಂದರೆ ನಿಮಗೆ ಇಷ್ಟ ಆಗಿದ್ದು ನಿಮ್ಮ ಬಾಲ್ಯ.

ಈ ಪರೀಕ್ಷೆಯಲ್ಲಿ 1998 ಹಲವರು ಅಂದುಕೊಂಡಷ್ಟು ಮೇಲೆ ಬರುವುದಿಲ್ಲ. ಸ್ಟೀವ್ ಆಸ್ಟಿನ್ ಮತ್ತು ಮೆಕ್‌ಮಹನ್ ಜಗಳ ಈಗಲೂ ಬಿಡದೆ ನೋಡಿಸುತ್ತದೆ, ಅದರ ಸುತ್ತ ಇರುವುದು ಅಷ್ಟಕ್ಕಷ್ಟೇ. 2000 ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ.

1997: ಜೋಡಿಗಳ ವರ್ಷ

ವ್ಯಾಪಾರದ ಲೆಕ್ಕದಲ್ಲಿ ಡಬ್ಲ್ಯೂಡಬ್ಲ್ಯೂಎಫ್‌ಗೆ ಇದು ಸೋಲಿನ ವರ್ಷ. ಎದುರಾಳಿ ಡಬ್ಲ್ಯೂಸಿಡಬ್ಲ್ಯೂ ತನ್ನ ನೈಟ್ರೋ ಕಾರ್ಯಕ್ರಮದಿಂದ 1996ರ ಮಧ್ಯದಿಂದ ಸತತ 83 ವಾರ ರಾಗಿಂತ ಮುಂದಿತ್ತು. ಒತ್ತಡ ಇದ್ದಿದ್ದಕ್ಕೇ ಇರಬೇಕು, ಇವರು ಅಷ್ಟು ಶ್ರದ್ಧೆಯಿಂದ ಕೆಲಸ ಮಾಡಿದರು.

ಮಾರ್ಚ್ 23ರ ರೆಸಲ್‌ಮೇನಿಯಾ 13. ಬ್ರೆಟ್ ಹಾರ್ಟ್ ಎದುರು ಆಸ್ಟಿನ್. ಇಬ್ಬರಲ್ಲಿ ಒಬ್ಬ ಸೋತೆ ಎಂದು ಒಪ್ಪುವ ತನಕ ಆಟ. ಬ್ರೆಟ್ ಎಲ್ಲರ ಮೆಚ್ಚಿನ ಒಳ್ಳೆಯವನು, ಆಸ್ಟಿನ್ ಖಳ. ಕೊನೆಯಲ್ಲಿ ಬ್ರೆಟ್ ತನ್ನ ಶಾರ್ಪ್‌ಶೂಟರ್ ಪಟ್ಟು ಹಾಕಿದರು. ಆಸ್ಟಿನ್ ಹಣೆ ಒಡೆದು ರಕ್ತ ಮುಖದ ತುಂಬ ಇಳಿಯುತ್ತಿದೆ. ಹಲ್ಲಿನ ಸಂದಿಯಲ್ಲೂ ರಕ್ತ. ನೆಲಕ್ಕೆ ಕೈ ಊರಿ ಮೇಲೇಳಲು ನೋಡುತ್ತಾರೆ, ಆಗುವುದಿಲ್ಲ. ಆದರೂ ಸೋತೆ ಅನ್ನಲಿಲ್ಲ, ಪ್ರಜ್ಞೆ ತಪ್ಪಿದರು. ರೆಫರಿ ಕೆನ್ ಶ್ಯಾಮ್ರಾಕ್ ಆಟ ನಿಲ್ಲಿಸಿದರು. ಗೆದ್ದ ಮೇಲೂ ಬ್ರೆಟ್ ಬಿದ್ದವನನ್ನು ಹೊಡೆಯಲು ಹೋದರು. ಆ ಕ್ಷಣಕ್ಕೆ ಜನ ತಿರುಗಿಬಿಟ್ಟರು. ಒಂದೇ ಮ್ಯಾಚ್‌ನಲ್ಲಿ ಒಳ್ಳೆಯವನು ಖಳನಾದ, ಖಳ ಜನರ ವೀರನಾದ. ಮುಂದಿನ ನಾಲ್ಕು ವರ್ಷದ ವ್ಯಾಪಾರ ಪೂರ್ತಿ ಆ ರಾತ್ರಿಯ ಮೇಲೆ ನಿಂತಿತು. ಇಷ್ಟು ಕೆಲಸ ಮಾಡಿದ ಇನ್ನೊಂದು ಮ್ಯಾಚ್ ನನಗೆ ಗೊತ್ತಿಲ್ಲ.

ಅಲ್ಲಿಗೆ ಮುಗಿಯಲಿಲ್ಲ. ಅಕ್ಟೋಬರ್ 5ರಂದು ಅಂಡರ್‌ಟೇಕರ್ ಮತ್ತು ಶಾನ್ ಮೈಕಲ್ಸ್ ಮೊದಲ ಹೆಲ್ ಇನ್ ಎ ಸೆಲ್, ಅಂದರೆ ಪಂಜರದೊಳಗಿನ ಮ್ಯಾಚ್, ಆಡಿದರು. ಪಂಜರದ ಬಾಗಿಲನ್ನು ಕಿತ್ತು ಕೇನ್ ಮೊದಲ ಸಲ ಒಳಗೆ ಬಂದದ್ದು ಅಲ್ಲೇ. ಅದೇ ತಿಂಗಳು ಡಬ್ಲ್ಯೂಸಿಡಬ್ಲ್ಯೂನಲ್ಲಿ ಎಡ್ಡಿ ಗೆರೆರೋ ಮತ್ತು ರೇ ಮಿಸ್ಟೀರಿಯೋ ಆಡಿದ ಮ್ಯಾಚ್ ಇವತ್ತು ನೋಡಿದರೂ ಹೊಸದಾಗಿದೆ. ನವೆಂಬರ್ 9ರಂದು ಮಾಂಟ್ರಿಯಲ್‌ನಲ್ಲಿ, ಬ್ರೆಟ್ ಒಪ್ಪದಿದ್ದರೂ, ಮೆಕ್‌ಮಹನ್ ಗಂಟೆ ಹೊಡೆಸಿ ಅವರಿಂದ ಬೆಲ್ಟ್ ಕಸಿದರು. ಕತೆಗೂ ನಿಜಕ್ಕೂ ನಡುವಿನ ಗೆರೆ ಅಳಿಸಿದ ರಾತ್ರಿ ಅದು.

ಎರಡನೆಯ ಪ್ರಶ್ನೆಯಲ್ಲಿ 1997ಕ್ಕೆ ಒಂದು ದೊಡ್ಡ ಕೊರತೆ ಇದೆ. ಡಬ್ಲ್ಯೂಸಿಡಬ್ಲ್ಯೂನಲ್ಲಿ ಸ್ಟಿಂಗ್ ಒಂದು ವರ್ಷಕ್ಕೂ ಹೆಚ್ಚು ಕಾಲ ಮಾತಿಲ್ಲದೆ, ಕ್ರೀಡಾಂಗಣದ ಮಾಡಿನಿಂದ ಹೋಗನ್ ಗುಂಪನ್ನು ನೋಡುತ್ತಾ ನಿಂತಿದ್ದರು. ಡಿಸೆಂಬರ್ 28ರ ದೊಡ್ಡ ಶೋ ಸ್ಟಾರ್‌ಕೇಡ್‌ನಲ್ಲಿ ಇಬ್ಬರೂ ಎದುರಾದಾಗ ಕೊನೆಯನ್ನು ಗೋಜಲು ಮಾಡಿ ಹಾಳು ಮಾಡಿದರು. ಅಷ್ಟು ತಾಳ್ಮೆಯಿಂದ ಕಟ್ಟಿದ ಕತೆಗೆ ಅಂಥ ಮುಕ್ತಾಯ ಬರಬಾರದಿತ್ತು. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ.

2000 ಮತ್ತು 2001

2000ದಲ್ಲಿ ಆಸ್ಟಿನ್ ಕತ್ತಿನ ಆಪರೇಷನ್ ಆಗಿ ಸೆಪ್ಟೆಂಬರ್ ತನಕ ಹೆಚ್ಚುಕಡಿಮೆ ಇರಲೇ ಇಲ್ಲ. ಆದರೂ ಕೊರತೆ ಕಾಣಲಿಲ್ಲ. ಟ್ರಿಪಲ್ ಎಚ್ ಎದುರು ಕ್ಯಾಕ್ಟಸ್ ಜ್ಯಾಕ್, ಆಮೇಲೆ ರಾಕ್, ಆಮೇಲೆ ಜೆರಿಕೋ. ಹಾರ್ಡಿ ಸೋದರರು, ಡಡ್ಲಿಗಳು, ಎಡ್ಜ್ ಮತ್ತು ಕ್ರಿಶ್ಚಿಯನ್ ಏಣಿ, ಮೇಜು, ಕುರ್ಚಿಗಳ ನಡುವೆ ಆಡಿದ್ದು. ಎಲ್ಲಕ್ಕಿಂತ ಹೆಚ್ಚಾಗಿ ಕರ್ಟ್ ಆ್ಯಂಗಲ್. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಕುಸ್ತಿಯಲ್ಲಿ ನಿಜವಾದ ಚಿನ್ನ ಗೆದ್ದವರು. ಟಿವಿಗೆ ಬಂದು ಒಂದು ವರ್ಷ ತುಂಬುವ ಮೊದಲೇ, 2000ದ ಅಕ್ಟೋಬರ್‌ನಲ್ಲಿ ದೊಡ್ಡ ಬೆಲ್ಟ್ ಗೆದ್ದರು. ಇದೆಲ್ಲ ಸುಳ್ಳು ಕುಸ್ತಿ ಅನ್ನುವ ಗರಡಿಯವರಿಗೆ ಮೊದಲು ತೋರಿಸಬೇಕಾದ್ದು ಇವರನ್ನೇ.

2001ರ ಏಪ್ರಿಲ್ 1ರ ರೆಸಲ್‌ಮೇನಿಯಾ 17 ಇದುವರೆಗಿನ ಅತ್ಯುತ್ತಮ ರೆಸಲ್‌ಮೇನಿಯಾ ಎಂದು ತುಂಬ ಜನ ಒಪ್ಪುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ ಅದಕ್ಕೆ ಸ್ವಲ್ಪ ಮುಂಚೆ ಡಬ್ಲ್ಯೂಸಿಡಬ್ಲ್ಯೂ ಕಂಪನಿಯನ್ನೇ ಕೊಂಡುಕೊಂಡು, ಎರಡೂ ಕಡೆಯವರನ್ನು ಎದುರುಬದುರು ನಿಲ್ಲಿಸುವ ಅವಕಾಶವನ್ನು ಉಳಿದ ವರ್ಷದಲ್ಲಿ ಪೋಲು ಮಾಡಿದರು. ಒಂದು ರಾತ್ರಿಯಿಂದ ವರ್ಷವನ್ನು ಅಳೆಯಬಾರದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

2002: ಯಾರೂ ಎಣಿಸದ ವರ್ಷ

ನನ್ನ ವಾದದ ತಿರುಳು ಇಲ್ಲಿದೆ. 2002ನ್ನು ಯಾರೂ ಶ್ರೇಷ್ಠ ವರ್ಷಗಳ ಪಟ್ಟಿಗೆ ಸೇರಿಸುವುದಿಲ್ಲ. ಮೇ ತಿಂಗಳಲ್ಲಿ ಕಂಪನಿ ಹೆಸರು ಬದಲಿಸಿಕೊಂಡು ಡಬ್ಲ್ಯೂಡಬ್ಲ್ಯೂಇ ಆಯಿತು. ಆಸ್ಟಿನ್ ಮಧ್ಯದಲ್ಲೇ ಬಿಟ್ಟು ಹೋದರು. ಅಕ್ಟೋಬರ್‌ನಲ್ಲಿ ಸತ್ತ ಹುಡುಗಿಯ ಹೆಸರಿನಲ್ಲಿ ಕಟ್ಟಿದ ಒಂದು ಕತೆ ಎಷ್ಟು ಅಸಹ್ಯವಾಗಿತ್ತೆಂದರೆ ಅದನ್ನು ಸಮರ್ಥಿಸುವವರು ಈಗಲೂ ಸಿಗುವುದಿಲ್ಲ.

ಆದರೆ ಮೂರನೆಯ ಪ್ರಶ್ನೆ ಕೇಳಿ ನೋಡಿ. ಬ್ರಾಕ್ ಲೆಸ್ನರ್ ಬಂದದ್ದು 2002ರಲ್ಲಿ. ಆಗಸ್ಟ್‌ನಲ್ಲಿ ರಾಕ್ ಅವರನ್ನು ಸೋಲಿಸಿ 25ನೇ ವಯಸ್ಸಿಗೆ ಚಾಂಪಿಯನ್ ಆದರು. ರ‍್ಯಾಂಡಿ ಆರ್ಟನ್, ಬಟಿಸ್ಟಾ ಬಂದದ್ದು ಆ ವರ್ಷವೇ. ರೇ ಮಿಸ್ಟೀರಿಯೋ ಡಬ್ಲ್ಯೂಡಬ್ಲ್ಯೂಇಗೆ ಕಾಲಿಟ್ಟರು. ಬೆನ್ನುನೋವಿನಿಂದ ನಾಲ್ಕು ವರ್ಷ ಆಟದಿಂದ ದೂರ ಇದ್ದ ಶಾನ್ ಮೈಕಲ್ಸ್ ಮರಳಿ ಬಂದರು. ಜೂನ್ 27ರಂದು ಕಂಪನಿಯ ಇನ್ನೊಂದು ವಾರದ ಕಾರ್ಯಕ್ರಮ ಸ್ಮ್ಯಾಕ್‌ಡೌನ್‌ನಲ್ಲಿ ಕರ್ಟ್ ಆ್ಯಂಗಲ್ ಎದುರು ಒಬ್ಬ ಹೊಸ ಹುಡುಗ ನಿಂತ. ನೀನ್ಯಾರು ಎಂದು ಆ್ಯಂಗಲ್ ಕೇಳಿದರು. ಜಾನ್ ಸೀನಾ ಎಂದ. ಸೋತ, ಆದರೆ ಆ ರಾತ್ರಿಯೇ ಜನರ ಕಣ್ಣಿಗೆ ಬಿದ್ದ.

ಒಂದೇ ವರ್ಷದಲ್ಲಿ ಇಷ್ಟು ಜನ. ಮುಂದಿನ ಇಪ್ಪತ್ತು ವರ್ಷ ಡಬ್ಲ್ಯೂಡಬ್ಲ್ಯೂಇ ಬದುಕಿದ್ದು ಈ ಬೆಳೆಯ ಮೇಲೆ. ನಮ್ಮಲ್ಲೂ ಅದೇ ವರ್ಷ ಟೆನ್ ಸ್ಪೋರ್ಟ್ಸ್ ಶುರುವಾಯಿತು. ಕೇಬಲ್ ಇದ್ದ ಮನೆಗಳಲ್ಲಿ ಸಂಜೆ ಹೊತ್ತು ಅಕ್ಕಪಕ್ಕದ ಹುಡುಗರೆಲ್ಲ ಸೇರುತ್ತಿದ್ದರು. ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಈಗ ಮೂವತ್ತೈದರ ಆಸುಪಾಸಿನ ಅಭಿಮಾನಿಗಳಲ್ಲಿ ಹೆಚ್ಚಿನವರು ಆ ಕಾಲದಲ್ಲಿ ಹುಟ್ಟಿಕೊಂಡವರು. ಹೀಗಾಗಿ ನಾನು 2002ನ್ನು 1999ಕ್ಕಿಂತ, 2001ಕ್ಕಿಂತ ಮೇಲೆ ಇಡುತ್ತೇನೆ.

ಇದಕ್ಕೆ ಎದುರು 2011 ನೋಡಿ. ಜೂನ್ 27ರಂದು ಸಿಎಂ ಪಂಕ್ ವೇದಿಕೆ ಮೇಲೆ ಕಾಲು ಮಡಚಿ ಕೂತು ಕಂಪನಿಯನ್ನೇ ಬೈದ ಮಾತು, ಜುಲೈ 17ರಂದು ಶಿಕಾಗೋದಲ್ಲಿ ಸೀನಾರನ್ನು ಸೋಲಿಸಿ ಬೆಲ್ಟ್ ಹಿಡಿದು ಓಡಿದ್ದು, ಎರಡೂ ಅದ್ಭುತ. ಎಂಟು ದಿನಕ್ಕೇ ವಾಪಸ್ ಕರೆತಂದು ಸೆಪ್ಟೆಂಬರ್‌ಗೆ ಟ್ರಿಪಲ್ ಎಚ್ ಕೈಯಲ್ಲಿ ಸೋಲಿಸಿದರು. ಮೂರು ವಾರ ಚಿನ್ನ, ಉಳಿದದ್ದು ಸಾಧಾರಣ.

ಹೆಂಗಸರ ಮ್ಯಾಚ್ ಎಣಿಸಿದರೆ ಲೆಕ್ಕ ಬದಲಾಗುತ್ತದೆ

ಹಳೆಯ ವರ್ಷಗಳನ್ನು ಹೊಗಳುವವರು ಈ ಭಾಗವನ್ನು ಹಾರಿಸಿಬಿಡುತ್ತಾರೆ. ಅದು ಸರಿಯಲ್ಲ. 1997ರಲ್ಲಿ ಡಬ್ಲ್ಯೂಡಬ್ಲ್ಯೂಎಫ್‌ನಲ್ಲಿ ಹೆಂಗಸರ ಬೆಲ್ಟ್ ಇರಲೇ ಇಲ್ಲ. 1995ರ ಡಿಸೆಂಬರ್‌ನಲ್ಲಿ ಚಾಂಪಿಯನ್ ಅಲುಂಡ್ರಾ ಬ್ಲೇಜ್ ನೈಟ್ರೋಗೆ ಹೋಗಿ ಅದನ್ನು ಕಸದ ಡಬ್ಬಿಗೆ ಹಾಕಿದ ಮೇಲೆ 1998ರ ತನಕ ಯಾರೂ ಎತ್ತಲಿಲ್ಲ. ಮುಂದಿನ ಹದಿನೈದು ವರ್ಷವೂ ಹೆಂಗಸರಿಗೆ ಹೆಚ್ಚಾಗಿ ಸಿಕ್ಕಿದ್ದು ಎರಡು ಮೂರು ನಿಮಿಷ. 2015ರಲ್ಲಿ ಅರ್ಧ ನಿಮಿಷದ ಒಂದು ಮ್ಯಾಚ್ ನೋಡಿ ಪ್ರೇಕ್ಷಕರೇ ರೇಗಿದರು. ಅದೇ ಆಗಸ್ಟ್‌ನಲ್ಲಿ ಬ್ರೂಕ್ಲಿನ್‌ನಲ್ಲಿ ಸಾಶಾ ಬ್ಯಾಂಕ್ಸ್ ಮತ್ತು ಬೇಯ್ಲಿ ಆಡಿದ ಮೇಲೆ ಗಾಳಿ ಬದಲಾಯಿತು. 2019ರಲ್ಲಿ ಮೂವರು ಹೆಂಗಸರು ರೆಸಲ್‌ಮೇನಿಯಾದ ಕೊನೆಯ ಮ್ಯಾಚ್ ಆಡಿದರು.

2025ರ ರೆಸಲ್‌ಮೇನಿಯಾ 41ರಲ್ಲಿ ಎರಡೂ ರಾತ್ರಿ ಸೇರಿಸಿ ಅತ್ಯುತ್ತಮ ಮ್ಯಾಚ್ ನನ್ನ ಪ್ರಕಾರ ಇಯೋ ಸ್ಕೈ, ರಿಯಾ ರಿಪ್ಲೀ, ಬಿಯಾಂಕಾ ಬೆಲೇರ್ ಆಡಿದ್ದು. ಅಂಥದ್ದೊಂದು ಮ್ಯಾಚ್ 1997ರಲ್ಲಿ ನಡೆಯಲು ಸಾಧ್ಯವೇ ಇರಲಿಲ್ಲ. ಮನೆಯಲ್ಲಿ ಹೆಣ್ಣುಮಕ್ಕಳ ಜೊತೆ ಕೂತು ನೋಡುವವರಿಗೆ ಇದೊಂದೇ ಕಾರಣ ಸಾಕು, ಹೊಸ ವರ್ಷಗಳು ಮುಂದೆ ಬರುತ್ತವೆ.

2023-24: ಎರಡನ್ನೂ ಸೇರಿಸಿಯೇ ನೋಡಬೇಕು

2023ರ ಜನವರಿ 28. ರಾಯಲ್ ರಂಬಲ್ ಶೋನ ಕೊನೆಯ ಮ್ಯಾಚ್ ಮುಗಿದಿದೆ. ಕೆವಿನ್ ಓವೆನ್ಸ್ ಕೈಗಳನ್ನು ರಿಂಗ್ ಹಗ್ಗಕ್ಕೆ ಬೇಡಿ ಹಾಕಿ ಕಟ್ಟಿದ್ದಾರೆ. ರೋಮನ್ ರೇನ್ಸ್ ಒಂದು ಕುರ್ಚಿ ತಂದು ಸಾಮಿ ಜೇನ್ ಕೈಗೆ ಕೊಟ್ಟು ಹೊಡಿ ಅನ್ನುತ್ತಾರೆ. ಓವೆನ್ಸ್ ಸಾಮಿಯ ಹಳೆಯ ಗೆಳೆಯ. ಸಾಮಿ ನಿಂತೇ ಇದ್ದಾರೆ. ಕುರ್ಚಿ ಎತ್ತಿ ರೇನ್ಸ್ ಬೆನ್ನಿಗೆ ಬಾರಿಸಿದರು. ಕ್ರೀಡಾಂಗಣ ಸ್ಫೋಟಿಸಿತು. ಅದಕ್ಕೆ ತಿಂಗಳುಗಟ್ಟಲೆ ಪ್ರತಿ ವಾರ ಒಂದೊಂದೇ ಎಳೆ ಸೇರಿಸಿ ಕಟ್ಟಿದ್ದರು. ನನ್ನ ಸಾಧಾರಣ ವಾರದ ಪರೀಕ್ಷೆಯಲ್ಲಿ ಈ ಕಾಲ ಪೂರ್ತಿ ಅಂಕ ತೆಗೆಯುತ್ತದೆ.

ಆ ರೆಸಲ್‌ಮೇನಿಯಾದಲ್ಲಿ ರೇನ್ಸ್ ಎದುರು ಕೋಡಿ ರೋಡ್ಸ್ ಸೋತಾಗ ಎಲ್ಲರಿಗೂ ಬೇಸರ. 2023ನ್ನು ಒಂದೇ ನೋಡಿದರೆ ಕತೆ ಅರ್ಧಕ್ಕೇ ನಿಂತಿದೆ. 2024ರ ಏಪ್ರಿಲ್ 7ರಂದು ಫಿಲಡೆಲ್ಫಿಯಾದಲ್ಲಿ ಕೋಡಿ ಗೆದ್ದು ರೇನ್ಸ್ ಅವರ 1,316 ದಿನದ ಆಳ್ವಿಕೆ ಮುಗಿದಾಗ ಆ ಸೋಲಿಗೂ ಅರ್ಥ ಬಂತು. 2024ರಲ್ಲಿ ಪಂಕ್ ಮತ್ತು ಡ್ರೂ ಮ್ಯಾಕಿಂಟೈರ್ ಜೋಡಿಯೂ ಬಿತ್ತು. ಮೂರು ಮ್ಯಾಚ್, ಪ್ರತಿಯೊಂದೂ ಹಿಂದಿನದಕ್ಕಿಂತ ಉಗ್ರ. ಎದುರಾಳಿ ಕಂಪನಿ ಎಇಡಬ್ಲ್ಯೂನಲ್ಲಿ ವಿಲ್ ಆಸ್ಪ್ರೇ ಮತ್ತು ಬ್ರಯನ್ ಡೇನಿಯಲ್ಸನ್, ಸ್ವರ್ವ್ ಮತ್ತು ಹ್ಯಾಂಗ್‌ಮ್ಯಾನ್ ಪೇಜ್. 2023ರ ಆಗಸ್ಟ್‌ನಲ್ಲಿ ಆ ಹೊಸ ಕಂಪನಿಯೇ ಲಂಡನ್ನಿನ ವೆಂಬ್ಲೀ ಕ್ರೀಡಾಂಗಣ ತುಂಬಿಸಿತು. 1997ರಂತೆ ಎರಡು ಕಂಪನಿ ಗಟ್ಟಿಯಾಗಿ ನಿಂತ ಕಾಲ ಇದು. ನಮ್ಮ ಪಕ್ಕದ ಹೈದರಾಬಾದ್‌ಗೂ 2023ರ ಸೆಪ್ಟೆಂಬರ್ 8ರಂದು ಡಬ್ಲ್ಯೂಡಬ್ಲ್ಯೂಇ ಬಂತು. ಗಚ್ಚಿಬೌಲಿಯಲ್ಲಿ ಸೀನಾ ಆಡಿದರು.

ಹಾಗಾದರೆ 2025?

ಜೋಡಿಯಿಂದ ಶುರು ಮಾಡೋಣ. ಇಯೋ ಮತ್ತು ರಿಯಾ ಬಗ್ಗೆ ಆಗಲೇ ಹೇಳಿದೆ. ಎಇಡಬ್ಲ್ಯೂನಲ್ಲಿ ಮಾರ್ಚ್‌ನಲ್ಲಿ ಟೋನಿ ಸ್ಟಾರ್ಮ್ ಮತ್ತು ಮರಾಯಾ ಮೇ, ಜುಲೈ 12ರಂದು ಟೆಕ್ಸಸ್‌ನಲ್ಲಿ ಹ್ಯಾಂಗ್‌ಮ್ಯಾನ್ ಮತ್ತು ಮಾಕ್ಸ್‌ಲೀ. ಇವೆಲ್ಲ ಯಾವ ವರ್ಷದ ಪಕ್ಕ ಇಟ್ಟರೂ ತಲೆ ತಗ್ಗಿಸುವುದಿಲ್ಲ. ಪಂಕ್, ರಾಲಿನ್ಸ್, ರೇನ್ಸ್ ಮೂವರ ಮ್ಯಾಚ್ ಕೂಡ ಚೆನ್ನಾಗಿತ್ತು.

ಎರಡನೆಯ ಪ್ರಶ್ನೆಯಲ್ಲಿ 2025 ಎಡವಿತು. ಮಾರ್ಚ್ 1ರಂದು ಟೊರಾಂಟೋದಲ್ಲಿ ಸೀನಾ ಕೋಡಿಯನ್ನು ತಬ್ಬಿಕೊಂಡು, ರಾಕ್ ಸನ್ನೆ ಮಾಡಿದ ಕೂಡಲೇ ಹೊಡೆದು ಬೀಳಿಸಿದರು. ಎರಡು ದಶಕ ಒಳ್ಳೆಯವನಾಗಿದ್ದ ಮನುಷ್ಯ ಖಳನಾದ. ಇಂಥ ಆರಂಭ ತಲೆಮಾರಿಗೆ ಒಂದು ಸಿಗುತ್ತದೆ. ಆಮೇಲೆ ರಾಕ್ ಕಾಣಿಸಲೇ ಇಲ್ಲ. ಏಪ್ರಿಲ್ 20ರ ರಾತ್ರಿ ಲಾಸ್ ವೇಗಸ್‌ನಲ್ಲಿ ಸೀನಾ 17ನೇ ಸಲ ಚಾಂಪಿಯನ್ ಆದರು. ಅದನ್ನು ನೋಡಲು ಇಲ್ಲಿ ಬೆಳಗಿನ ಜಾವ ನಾಲ್ಕೂವರೆಯಿಂದ ಎದ್ದು ಕೂತವರಿಗೆ ಸಿಕ್ಕಿದ್ದು ಸಪ್ಪೆ ಮ್ಯಾಚ್. ಯಾಕೆ ಖಳನಾದ, ಯಾಕೆ ಆಗಸ್ಟ್‌ನಲ್ಲಿ ದಿಢೀರನೆ ಮತ್ತೆ ಒಳ್ಳೆಯವನಾದ, ಎರಡಕ್ಕೂ ಸರಿಯಾದ ಉತ್ತರ ಇಲ್ಲ. 1997ರಲ್ಲಿ ಬ್ರೆಟ್ ಖಳನಾದಾಗ ಆತನ ಪ್ರತಿ ಮಾತಿಗೂ ಕಾರಣ ಇತ್ತು. ಎರಡನ್ನೂ ಒಂದರ ಹಿಂದೆ ಒಂದು ನೋಡಿ. ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಮೂರನೆಯದು. ಈ ವರ್ಷದ ನೆನಪುಗಳಲ್ಲಿ ಬೀಳ್ಕೊಡುಗೆಗಳೇ ಜಾಸ್ತಿ. ಡಿಸೆಂಬರ್ 13ರಂದು ವಾಷಿಂಗ್ಟನ್‌ನಲ್ಲಿ, ನಮಗೆ ಭಾನುವಾರ ಬೆಳಗ್ಗೆ, ಗುಂಥರ್ ಸೀನಾರ ಕುತ್ತಿಗೆ ಬಿಗಿ ಹಿಡಿದರು. ಸೀನಾ ಒಮ್ಮೆ ನಕ್ಕು ಕೈ ತಟ್ಟಿ ಸೋಲೊಪ್ಪಿದರು. ಎಂದಿಗೂ ಬಿಟ್ಟುಕೊಡಬೇಡ ಎಂದು ಟಿ-ಶರ್ಟ್ ಮೇಲೆ ಬರೆಸಿಕೊಂಡವರು, ಇಪ್ಪತ್ತು ವರ್ಷಕ್ಕೂ ಮೇಲೆ ಕೈ ತಟ್ಟದವರು. ಅಲ್ಲಿದ್ದ ಜನ ಸಿಟ್ಟಾದರು. ಇಲ್ಲೂ ಸಿಟ್ಟಾದವರು ಬಹಳ. ನನಗೆ ಮಾತ್ರ ಅದು ಸರಿ ಅನ್ನಿಸಿತು. ಹೋಗುವವರು ಉಳಿಯುವವರಿಗೆ ಏನಾದರೂ ಕೊಟ್ಟು ಹೋಗಬೇಕು. ಆಟದ ಹಳೆಯ ಕಟ್ಟಳೆ ಅದು.

ಕೊಟ್ಟಿದ್ದು ಸಾಕಾಯಿತಾ? ಗುಂಥರ್ ಆಗಲೇ ದೊಡ್ಡವರು. ಹೊಸದಾಗಿ ಎದ್ದವರಲ್ಲಿ ನನಗೆ ಎದ್ದು ಕಾಣುವವರು ಡೊಮಿನಿಕ್ ಮಿಸ್ಟೀರಿಯೋ. 2005ರಲ್ಲಿ ಎಡ್ಡಿ ಗೆರೆರೋ ಮತ್ತು ರೇ ಮಿಸ್ಟೀರಿಯೋ ಯಾರ ಮಗನಿಗಾಗಿ ಏಣಿ ಮ್ಯಾಚ್ ಆಡಿದರೋ ಅದೇ ಹುಡುಗ. 2025ರ ನವೆಂಬರ್ 29ರಂದು ಸೀನಾರಿಂದ ಇಂಟರ್‌ಕಾಂಟಿನೆಂಟಲ್ ಬೆಲ್ಟ್ ಗೆದ್ದರು. ಇನ್ನೂ ಇಬ್ಬರು ಮೂವರನ್ನು ಹೆಸರಿಸಬಹುದು. 2002ರ ಸಾಲಿನ ಪಕ್ಕ ಇಟ್ಟರೆ ಇದು ಚಿಕ್ಕ ಸಾಲು.

ನನ್ನ ತೂಕದಲ್ಲಿ ಮೊದಲು 1997, ಆಮೇಲೆ 2000, ಅದಕ್ಕೆ ಹತ್ತಿರದಲ್ಲೇ 2023-24, ನಂತರ 2002. 2025 ಇವುಗಳ ಕೆಳಗೆ, 2011ಕ್ಕೆ ಸ್ವಲ್ಪ ಮೇಲೆ. 1999 ಇನ್ನೂ ಕೆಳಗೆ.

ಯಾರಿಗೆ ಯಾವ ವರ್ಷ

ಸಮಯ ಕಡಿಮೆ ಇದ್ದರೆ 1997ರ ಮಾರ್ಚ್‌ನಿಂದ ನವೆಂಬರ್ ತನಕ ದೊಡ್ಡ ಶೋಗಳನ್ನಷ್ಟೇ ನೋಡಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ 1997ರಿಂದ 2002ರವರೆಗಿನದನ್ನು ಅವರ ಮುಂದೆ ಹಾಕಬೇಡಿ. ಬೈಗುಳ, ರಕ್ತ, ಹೆಂಗಸರನ್ನು ಕೀಳಾಗಿ ತೋರಿಸುವುದು ಎಲ್ಲ ಇದೆ. 2008ರಿಂದ ಡಬ್ಲ್ಯೂಡಬ್ಲ್ಯೂಇ ಕಾರ್ಯಕ್ರಮವನ್ನು ಮಕ್ಕಳಿಗೂ ಹೊಂದುವಂತೆ ಬದಲಿಸಿತು. ಅವರಿಗೆ 2023ರಿಂದ ಶುರು ಮಾಡಿಸಿ. ಕತೆಗಿಂತ ಆಟವೇ ಮುಖ್ಯ ಅನ್ನುವವರು ಡಬ್ಲ್ಯೂಡಬ್ಲ್ಯೂಇ ಬಿಟ್ಟು ಜಪಾನಿನ 2017 ಹಿಡಿಯಲಿ. ಒಕಾಡ ಮತ್ತು ಒಮೆಗಾ ಜೂನ್‌ನಲ್ಲಿ ಅರವತ್ತು ನಿಮಿಷ ಆಡಿ ಸಮ ಮಾಡಿಕೊಂಡ ಮ್ಯಾಚ್ ಅಲ್ಲಿದೆ.

ಗರಡಿಯಲ್ಲಿ ಆಡಿದ ಅಪ್ಪನೋ ಮಾವನೋ ಮನೆಯಲ್ಲಿದ್ದರೆ, ಕರ್ಟ್ ಆ್ಯಂಗಲ್ ಆದ ಮೇಲೆ 2022ರ ಸೆಪ್ಟೆಂಬರ್ 3ರಂದು ಕಾರ್ಡಿಫ್‌ನಲ್ಲಿ ಗುಂಥರ್ ಮತ್ತು ಶೇಮಸ್ ಆಡಿದ್ದನ್ನು ಹಾಕಿ. ಮಾತು ಕಡಿಮೆ, ಪಟಾಕಿ ಕಡಿಮೆ. ಇಬ್ಬರು ಗಟ್ಟಿ ಗಂಡಸರು, ಎದೆ ಕೆಂಪಾಗುವ ಹಾಗೆ ಕೊಡುವ ಏಟು. ಸೌಂಡ್ ಸ್ವಲ್ಪ ಜಾಸ್ತಿ ಇಡಿ.